ಕೆನಡಾದ ಚಿಲ್ಲರೆಯಲ್ಲಿ ತಪ್ಪಚ್ಚು: ದೋಷ, ಭೇದ ಮತ್ತು ಬೆಲೆಯ ಚರಿತ್ರೆ

1947ರ ಆಗಸ್ಟ್‌ನಲ್ಲಿ ಭಾರತ ಸ್ವತಂತ್ರವಾದದ್ದರ ಬಿಸಿ ಕೆನಡಾದ ಒಟ್ಟಾವ ಟಂಕಸಾಲೆಗೂ ತಟ್ಟಿತು. ಕೆನಡಾದ ನಾಣ್ಯಗಳ ಮುಂಬದಿಯಲ್ಲಿ ಆರನೆಯ ಜಾರ್ಜ್ ದೊರೆಯ ಮುಖದ ಸುತ್ತ ಇದ್ದ ಲ್ಯಾಟಿನ್ ಬರಹದಲ್ಲಿ ‘ಭಾರತದ ಚಕ್ರವರ್ತಿ’ ಎಂಬ ಬಿರುದೂ ಸೇರಿತ್ತು. ಅದನ್ನು ಕೈಬಿಡಬೇಕಾಯಿತು. ಬಿರುದಿಲ್ಲದ ಹೊಸ ಅಚ್ಚಿನ ಮೂಲ ಲಂಡನ್ನಿನಿಂದ ಬರಬೇಕು; ಅದು ತಡವಾಯಿತು. 1948 ಹುಟ್ಟಿದರೂ ಅಚ್ಚು ಬರಲಿಲ್ಲ, ಚಿಲ್ಲರೆಗೆ ಬೇಡಿಕೆ ಮಾತ್ರ ನಿಲ್ಲಲಿಲ್ಲ. ಟಂಕಸಾಲೆಯವರು ಹಳೆಯ ಅಚ್ಚನ್ನೇ ಮುಂದುವರಿಸಿ, 1947 ಎಂಬ ಇಸವಿಯ ಪಕ್ಕದಲ್ಲಿ ಪುಟ್ಟದೊಂದು ಮೇಪಲ್ ಎಲೆಯನ್ನು ಕೊರೆದರು. ಈ ಎಲೆ ಗುರುತಿನ ಬೆಳ್ಳಿ ಡಾಲರ್‌ಗಳು ಹೊರಬಂದದ್ದು 21,135. ಹೊಸ ಅಚ್ಚು ಕೈಸೇರಿದ ಮೇಲೆ ಟಂಕಿಸಿದ 1948ರ ಡಾಲರ್‌ಗಳು ಅದಕ್ಕಿಂತ ಕಡಿಮೆ, 18,780. ಇವೆರಡೂ ಇಂದು ಸಂಗ್ರಾಹಕರ ಪಟ್ಟಿಯಲ್ಲಿ ಎತ್ತರದಲ್ಲಿವೆ.

ಎಲೆ ಗುರುತಿನ ನಾಣ್ಯವನ್ನು ಹಲವರು ‘ದೋಷದ ನಾಣ್ಯ’ ಎಂದೇ ಮಾರುತ್ತಾರೆ. ಅದು ಸರಿಯಲ್ಲ. ಕೆನಡಾದ ನಾಣ್ಯಗಳಲ್ಲಿ ಅತಿ ಹೆಚ್ಚು ಬೆಲೆ ಬಾಳುವ ‘ತಪ್ಪು’ಗಳಲ್ಲಿ ಕೆಲವು ತಪ್ಪೇ ಅಲ್ಲ, ಆಡಳಿತದ ಇಕ್ಕಟ್ಟಿನಲ್ಲಿ ಬೇಕೆಂದೇ ಮಾಡಿಕೊಂಡ ಏರ್ಪಾಡು ಎಂಬುದು ಈ ಲೇಖನದ ವಾದ.

ಇದಕ್ಕೆ ಇನ್ನೂ ಬಲವಾದ ಸಾಕ್ಷಿ 1936ರ ಚುಕ್ಕಿ ನಾಣ್ಯ. ಆ ವರ್ಷದ ಜನವರಿಯಲ್ಲಿ ಐದನೆಯ ಜಾರ್ಜ್ ತೀರಿಕೊಂಡ. ಡಿಸೆಂಬರ್‌ನಲ್ಲಿ ಎಂಟನೆಯ ಎಡ್ವರ್ಡ್ ಸಿಂಹಾಸನ ಬಿಟ್ಟ. ಎಡ್ವರ್ಡನಿಗಾಗಿ ನಡೆದಿದ್ದ ಅಚ್ಚಿನ ಕೆಲಸವೆಲ್ಲ ವ್ಯರ್ಥವಾಗಿ, ಆರನೆಯ ಜಾರ್ಜನಿಗಾಗಿ ಮೊದಲಿನಿಂದ ಆರಂಭಿಸಬೇಕಾಯಿತು. 1937ರ ಆರಂಭದಲ್ಲಿ ಒಟ್ಟಾವದವರು ಸತ್ತ ದೊರೆಯ ಮುಖವನ್ನೇ ಇಟ್ಟುಕೊಂಡು, 1936ರ ಇಸವಿಯ ಕೆಳಗೆ ಚುಕ್ಕಿಯೊಂದನ್ನು ಸೇರಿಸಿ ಒಂದು, ಹತ್ತು ಮತ್ತು ಇಪ್ಪತ್ತೈದು ಸೆಂಟಿನ ನಾಣ್ಯಗಳನ್ನು ಟಂಕಿಸಿದರು. ಲೆಕ್ಕದ ಪ್ರಕಾರ ಚುಕ್ಕಿಯ ಸೆಂಟ್ 6,78,823, ಹತ್ತು ಸೆಂಟ್ 1,91,237, ಇಪ್ಪತ್ತೈದು ಸೆಂಟ್ 1,53,322. ಇಪ್ಪತ್ತೈದರ ನಾಣ್ಯ ಚಲಾವಣೆಯಲ್ಲಿ ಸಿಕ್ಕಿದೆ. ಉಳಿದೆರಡರ ಕಥೆ ಬೇರೆ. ಅಸಲಿ ಎಂದು ಒಪ್ಪಿತವಾದ ಚುಕ್ಕಿ ಸೆಂಟ್‌ಗಳು ಸಾಮಾನ್ಯ ಲೆಕ್ಕದಲ್ಲಿ ಮೂರೇ. ಹತ್ತು ಸೆಂಟಿನವೂ ಬೆರಳೆಣಿಕೆಯಷ್ಟು. ಆರು ಲಕ್ಷಕ್ಕೂ ಮೀರಿದ ಸೆಂಟ್‌ಗಳು ಹೋದದ್ದೆಲ್ಲಿ? ಕಾಗದದ ಲೆಕ್ಕಕ್ಕೂ ಕೈಗೆ ಸಿಕ್ಕುವ ಲೋಹಕ್ಕೂ ನಡುವೆ ಇಂಥ ಅಂತರವಿದ್ದಾಗ ಕಾಗದವನ್ನೊಂದನ್ನೇ ನಂಬುವುದು ಸಂಶೋಧಕನಿಗೆ ತಕ್ಕದ್ದಲ್ಲ. 2010ರ ಜನವರಿಯಲ್ಲಿ ಇಂಥ ಒಂದು ಸೆಂಟ್ ಹರಾಜಿನಲ್ಲಿ 4,02,500 ಅಮೆರಿಕನ್ ಡಾಲರಿಗೆ ಹೋಯಿತು. ಸಾಮಾನ್ಯ 1936ರ ಸೆಂಟಿಗೆ ಚುಕ್ಕಿ ಅಂಟಿಸಿ ಮೋಸ ಮಾಡುವವರು ಯಾಕಿದ್ದಾರೆಂದು ಬಿಡಿಸಿ ಹೇಳಬೇಕಿಲ್ಲ.

ಹೀಗೆ ಬೇಕೆಂದೇ ಮಾಡಿದ್ದು ಒಂದು ಬಗೆಯಾದರೆ, ಎರಡನೆಯ ಬಗೆ ಅಚ್ಚಿನ ಭೇದ. ಇಲ್ಲಿ ಅಚ್ಚೇ ಬದಲಾಗಿರುತ್ತದೆ, ಆದ್ದರಿಂದ ಅದರಿಂದ ಬಂದ ಪ್ರತಿ ನಾಣ್ಯದಲ್ಲೂ ಅದೇ ಗುರುತು ಕಾಣುತ್ತದೆ. 1955ರಲ್ಲಿ ಒಂಟಾರಿಯೊದ ಆರ್ನ್‌ಪ್ರಯರ್ ಪಟ್ಟಣದ ಕಂಪನಿಯೊಂದು ನೌಕರರಿಗೆ ಕ್ರಿಸ್‌ಮಸ್ ಉಡುಗೊರೆಯಾಗಿ ಹಂಚಲು 2,000 ಬೆಳ್ಳಿ ಡಾಲರ್ ತರಿಸಿತು. ಆ ನಾಣ್ಯಗಳ ಮೇಲೆ ಚಿತ್ರಿಸಿದ್ದ ದೋಣಿಯ ಬಲಗಡೆಯ ನೀರಿನ ಗೆರೆಗಳಲ್ಲಿ ಉಳಿದದ್ದು ಒಂದೂವರೆ ಮಾತ್ರ. ಅಚ್ಚನ್ನು ಅತಿಯಾಗಿ ಉಜ್ಜಿ ಹೊಳಪಿಸಿದ್ದರಿಂದ ಉಳಿದವು ಸವೆದಿದ್ದವು. ಪಟ್ಟಣದ ಹೆಸರೇ ಭೇದಕ್ಕೆ ಹೆಸರಾಯಿತು. ಚಿಲ್ಲರೆಯಲ್ಲಿ ಈಗಲೂ ಹುಡುಕಬಹುದಾದದ್ದು 1973ರ ಕ್ವಾರ್ಟರ್, ಅಂದರೆ ಇಪ್ಪತ್ತೈದು ಸೆಂಟಿನ ನಾಣ್ಯ. ಆರೋಹಿ ಪೊಲೀಸ್ ದಳದ ಶತಮಾನೋತ್ಸವಕ್ಕೆ ಬಂದ ಈ ನಾಣ್ಯದಲ್ಲಿ ಹೆಚ್ಚಿನವುಗಳ ಮೇಲೆ ರಾಣಿಯ ಮುಖ ಚಿಕ್ಕದು, ಸುತ್ತ 120 ಮಣಿಗಳು. ಮುಖ ದೊಡ್ಡದಿದ್ದು 132 ಮಣಿಗಳಿರುವ ವಿರಳ ನಾಣ್ಯ ಮುಖಬೆಲೆಯ ನೂರಾರು ಪಟ್ಟು ಬಾಳುತ್ತದೆ. ಮಣಿ ಎಣಿಸಲು ಭೂತಗನ್ನಡಿಯೂ ತಾಳ್ಮೆಯೂ ಬೇಕು.

ಇನ್ನು ನಿಜವಾದ ಟಂಕನದ ದೋಷ. ಟಂಕಿಸಬೇಕಾದ ಖಾಲಿ ಬಿಲ್ಲೆ ಅಚ್ಚಿನ ನಡುವೆ ಸರಿಯಾಗಿ ಕೂರದೆ ಚಿತ್ರ ಒಂದು ಬದಿಗೆ ಸರಿಯುವುದು, ಬಿಲ್ಲೆಯ ಅಂಚು ಕತ್ತರಿಸಿಹೋಗಿರುವುದು, ಬೇರೆ ನಾಣ್ಯದ ಬಿಲ್ಲೆ ಯಂತ್ರಕ್ಕೆ ಹೋಗುವುದು, ಜೊತೆಯಾಗಬಾರದ ಎರಡು ಅಚ್ಚು ಜೊತೆಯಾಗುವುದು ಇವೆಲ್ಲ ಈ ಬಗೆಯವು. ಕೊನೆಯದಕ್ಕೆ ಒಳ್ಳೆಯ ಉದಾಹರಣೆ 1999ರ ಸಹಸ್ರಮಾನದ ಕ್ವಾರ್ಟರ್‌ಗಳು. ಆ ಮಾಲಿಕೆಯಲ್ಲಿ ‘25 ಸೆಂಟ್ಸ್’ ಎಂಬುದನ್ನು ರಾಣಿಯ ಮುಖವಿರುವ ಬದಿಗೆ ಸಾಗಿಸಿದ್ದರು. ಸೆಪ್ಟೆಂಬರ್ ಮತ್ತು ನವೆಂಬರ್ ನಾಣ್ಯಗಳಲ್ಲಿ ಕೆಲವಕ್ಕೆ ಮುಖಬೆಲೆಯಿಲ್ಲದ ಅಚ್ಚು ಸೇರಿಕೊಂಡು, ಯಾವ ಬದಿಯಲ್ಲೂ ಬೆಲೆ ಇಲ್ಲದ ನಾಣ್ಯ ಹೊರಬಿತ್ತು. ಬಿಲ್ಲೆಯೂ ಅಚ್ಚೂ ಹೊಂದದಿರುವುದಕ್ಕೆ ಉದಾಹರಣೆ 2006ರ ಸೆಂಟ್; ಅದರ ಪರೀಕ್ಷೆಗೆ ಆಯಸ್ಕಾಂತ ಬೇಕು. ರಾಣಿಯ ಮುಖದ ಕೆಳಗೆ ‘ಪಿ’ ಅಕ್ಷರವಿದ್ದರೆ ಒಳಗೆ ಉಕ್ಕು, ತೂಕ 2.35 ಗ್ರಾಂ, ಗುರುತೇನೂ ಇಲ್ಲದಿದ್ದರೆ ಸತು, 2.25 ಗ್ರಾಂ. ಗುರುತಿಲ್ಲದೆಯೂ ಆಯಸ್ಕಾಂತಕ್ಕೆ ಅಂಟಿಕೊಳ್ಳುವ 2006ರ ಸೆಂಟ್ ಬಲು ಅಪರೂಪ.

ಟಂಕಸಾಲೆಯಿಂದ ಹೊರಬಿದ್ದ ಮೇಲೆ ಆದ ಗಾಯಕ್ಕೆ ಬೆಲೆಯಿಲ್ಲ. 1996ರಲ್ಲಿ ಬಂದ ಎರಡು ಡಾಲರಿನ ಟೂನಿಯಲ್ಲಿ ಒಳಬಿಲ್ಲೆ ಕಳಚಿಬಿದ್ದ ಸುದ್ದಿ ಹರಡಿದ್ದೇ, ಜನ ಹೊಡೆದು ಕಳಚತೊಡಗಿದರು. 2004ರ ಕೆಂಪು ಗಸಗಸೆ ಹೂವಿನ ಕ್ವಾರ್ಟರ್‌ನ ಬಣ್ಣವನ್ನು ದ್ರಾವಣ ಹಾಕಿ ಅಳಿಸಿ ‘ಬಣ್ಣ ತಪ್ಪಿದ ನಾಣ್ಯ’ ಎಂದು ತೋರಿಸುವುದೂ ಕಷ್ಟವಲ್ಲ. ಹಾಗಾಗಿ ದೋಷ ಟಂಕನದ ಯಾವ ಹಂತದಲ್ಲಿ ಹುಟ್ಟಿತೆಂದು ತೋರಿಸಲಾಗದಿದ್ದರೆ ಮುಖಬೆಲೆಗಿಂತ ಹೆಚ್ಚು ಕೊಡಬಾರದು. ತೋರಿಸಲಾದರೆ ಆಗ ಸವೆತ, ಇಸವಿ ಓದಲು ಸಿಗುತ್ತದೆಯೇ, ಕೊಳ್ಳುವವರೆಷ್ಟು ಮಂದಿ ಎಂಬ ಪ್ರಶ್ನೆಗಳು ಬರುತ್ತವೆ. ಕೆನಡಾದ ನಾಣ್ಯಗಳ ಬೆಲೆ ಪಟ್ಟಿ ಮಾಡುವ, 1952ರಿಂದ ಬರುತ್ತಿರುವ ಚಾರ್ಲ್ಟನ್ ಕೈಪಿಡಿಯಲ್ಲಿ ಹೆಸರು ಸೇರಿದ ಭೇದಕ್ಕೆ ಬೇಡಿಕೆ ತಾನಾಗಿ ಏರುತ್ತದೆ. ಸೇರದ ದೋಷ ಎಷ್ಟೇ ಅಪರೂಪವಾದರೂ ಗಿರಾಕಿಯನ್ನು ಹುಡುಕಬೇಕು. ಇದು ನ್ಯಾಯವಲ್ಲ, ಆದರೆ ಮಾರುಕಟ್ಟೆ ಹೀಗೇ ಇದೆ.

ಕೆನಡಾದಲ್ಲಿರುವ ಕನ್ನಡಿಗರಲ್ಲಿ ಒಂದು ಕೋರಿಕೆ. ವಿಚಿತ್ರವಾಗಿ ಕಾಣುವ ನಾಣ್ಯ ಸಿಕ್ಕರೆ ಹುಣಸೆಹಣ್ಣು ಹಾಕಿ ಉಜ್ಜಬೇಡಿ. ತೂಕ ನೋಡಿ, ಆಯಸ್ಕಾಂತ ಹಿಡಿಯಿರಿ, ಎರಡೂ ಬದಿಯ ಚಿತ್ರ ತೆಗೆದಿಟ್ಟುಕೊಂಡು ಆಮೇಲೆ ಜಾಣರಿಗೆ ತೋರಿಸಿ.