ಅಂಗುಳಿನ ಸಂದು ತೆರೆದ ತಿರುಪು

ಸ್ಯಾನ್ ಫ್ರಾನ್ಸಿಸ್ಕೋದ ದಂತವೈದ್ಯ ಎಮರ್ಸನ್ ಏಂಜೆಲ್ 1860ರಲ್ಲಿ ಪ್ರಕಟಿಸಿದ ಲೇಖನವನ್ನು ಓದಿದವರು ಹುಬ್ಬೇರಿಸಿದರು. ಹದಿನಾಲ್ಕೂವರೆ ವರ್ಷದ ಹುಡುಗಿಯ ಮೇಲ್ದವಡೆ ಇಕ್ಕಟ್ಟಾಗಿತ್ತು, ಹಲ್ಲುಗಳಿಗೆ ಜಾಗ ಸಾಲುತ್ತಿರಲಿಲ್ಲ. ಏಂಜೆಲ್ ಹಲ್ಲು ಕೀಳಲು ಹೋಗದೆ, ಅಂಗುಳಿಗೆ ಅಡ್ಡಲಾಗಿ ಒಂದು ತಿರುಪು ಕೂರಿಸಿ, ಅದನ್ನು ಬಿಗಿಮಾಡುವ ಕೀಲಿಯನ್ನು ಹುಡುಗಿಯ ಕೈಗೇ ಕೊಟ್ಟು ಕಳಿಸಿದರು. ಎರಡು ವಾರದಲ್ಲಿ ದವಡೆ ಸುಮಾರು ಕಾಲು ಇಂಚು ಅಗಲವಾಯಿತು. ಜೊತೆಗೆ ಮುಂದಿನ ಎರಡು ಬಾಚಿಹಲ್ಲುಗಳ ನಡುವೆ ಸಂದು ಬಿಟ್ಟುಕೊಂಡಿತು.

ಏಂಜೆಲ್ ಬಳಿ ಇದ್ದ ಸಾಕ್ಷಿ ಆ ಸಂದೊಂದೇ. ಮೇಲ್ದವಡೆ ಎಡ ಬಲ ಎಂದು ಎರಡು ಮೂಳೆ. ಅಂಗುಳಿನ ನಡುಗೆರೆಯಲ್ಲಿ ಅವು ಕೂಡುತ್ತವೆ. ಎಳೆಯ ವಯಸ್ಸಿನಲ್ಲಿ ಆ ಕೂಡುಗೆರೆ ಇನ್ನೂ ಗಟ್ಟಿಯಾಗಿ ಬೆಸೆದಿರುವುದಿಲ್ಲ. ತಾನು ಸರಿಸಿದ್ದು ಹಲ್ಲನ್ನಲ್ಲ, ಮೂಳೆಯನ್ನು ಎಂಬುದು ಅವರ ವಾದ. ಲೇಖನ ಅಚ್ಚು ಹಾಕಿದ ‘ಡೆಂಟಲ್ ಕಾಸ್ಮೋಸ್’ ಪತ್ರಿಕೆಯೇ ಅದು ಸಾಧ್ಯವೇ ಎಂದು ಸಂಶಯಪಟ್ಟಿತು. ಪಾಪ, ತೋರಿಸುವುದಾದರೂ ಹೇಗೆ? ಎಕ್ಸ್‌ರೇ ಬರಲು ಇನ್ನೂ 35 ವರ್ಷ ಬೇಕಿತ್ತು.

ವಿಚಿತ್ರವೆಂದರೆ, ಎಕ್ಸ್‌ರೇ ಬಂದ ಮೇಲೂ ಅಮೆರಿಕದಲ್ಲಿ ಈ ತಿರುಪಿಗೆ ಕಾಲ ಕೂಡಿಬರಲಿಲ್ಲ. ಮೂಗಿನ ಉಸಿರಾಟ ಸಲೀಸಾಗುತ್ತದೆ ಎಂದು ಕೆಲವು ವೈದ್ಯರು ಇದರ ಪರ ನಿಂತರು. ಆದರೆ ಆ ಕಾಲದಲ್ಲಿ ನಡೆಯುತ್ತಿದ್ದುದು ದಂತವೈದ್ಯ ಎಡ್ವರ್ಡ್ ಆಂಗಲ್ ಅವರ ಮಾತು: ತಂತಿಯಿಂದ ಹಲ್ಲುಗಳನ್ನು ಸರಿಸಿದರೆ ಸಾಕು, ಮೂಳೆ ತಾನಾಗಿ ಹಿಂಬಾಲಿಸುತ್ತದೆ. ದೊಡ್ಡವರ ಮಾತು ದಶಕಗಟ್ಟಲೆ ಗೆದ್ದಿತು. ತಿರುಪು ಉಳಿದುಕೊಂಡದ್ದು ಯುರೋಪಿನಲ್ಲಿ.

ಅಲ್ಲಿಂದ ಅದನ್ನು ಅಮೆರಿಕಕ್ಕೆ ಮತ್ತೆ ನೆನಪಿಸಿದವರಲ್ಲಿ ಜರ್ಮನಿಯ ದಂತವೈದ್ಯ ಗುಸ್ತಾವ್ ಕೋರ್ಕ್‌ಹೌಸ್ ಮುಖ್ಯರು. 1950ರ ದಶಕದಲ್ಲಿ ಇಲಿನಾಯ್ ವಿಶ್ವವಿದ್ಯಾಲಯದಲ್ಲಿದ್ದ ಆಂಡ್ರ್ಯೂ ಹಾಸ್ ಮೊದಲು ಹಂದಿಗಳ ಮೇಲೆ, ಆಮೇಲೆ ರೋಗಿಗಳ ಮೇಲೆ ಪ್ರಯೋಗ ನಡೆಸಿ, 1961ರಲ್ಲಿ ಫಲಿತಾಂಶ ಪ್ರಕಟಿಸಿದರು. ಅಂಗುಳಿನ ಕೂಡುಗೆರೆ ತೆರೆದುಕೊಳ್ಳುತ್ತದೆ, ಮೂಗಿನ ಒಳಗಿನ ಪೊಳ್ಳೂ ಅಗಲವಾಗುತ್ತದೆ ಎಂದು ಈಗ ನಂಬದೆ ಗತ್ಯಂತರವಿರಲಿಲ್ಲ. ಏಂಜೆಲ್ ಹೇಳಿ ಅಷ್ಟರಲ್ಲಿ ನೂರಾ ಒಂದು ವರ್ಷ ಕಳೆದಿತ್ತು.

ಹಾಸ್ ಬಳಸಿದ ಸಾಧನದ ಪ್ಲಾಸ್ಟಿಕ್ ಅಚ್ಚು ಅಂಗುಳಿಗೆ ಅಂಟಿಕೊಂಡಿರುತ್ತಿದ್ದರಿಂದ ಅನ್ನದ ಅಗುಳು ಸಿಕ್ಕಿಕೊಂಡರೆ ತೊಳೆಯುವುದು ಕಷ್ಟ. 1968ರಲ್ಲಿ ಬೀಡರ್‌ಮನ್ ಎಂಬ ದಂತವೈದ್ಯರು ಪ್ಲಾಸ್ಟಿಕ್ ತೆಗೆದುಹಾಕಿ, ತಿರುಪು ಮತ್ತು ಲೋಹದ ಕಡ್ಡಿಗಳನ್ನಷ್ಟೇ ಉಳಿಸಿದರು. ಇಂದು ಹಲ್ಲಿಗೆ ಕ್ಲಿಪ್ ಹಾಕುವ ವೈದ್ಯರು ‘ಹೈರಾಕ್ಸ್’ ಎನ್ನುವುದು ಈ ಬಗೆಯ ಸಾಧನಕ್ಕೇ. ಇದರಲ್ಲೂ ಕೀಲಿ ಇರುವುದು ಮನೆಯವರ ಕೈಯಲ್ಲೇ. ತಿರುಪನ್ನು ಕಾಲು ಸುತ್ತು ತಿರುಗಿಸಿದರೆ ಸುಮಾರು ಕಾಲು ಮಿಲಿಮೀಟರ್ ಅಗಲವಾಗುತ್ತದೆ.