ಫಾರ್ಮ್ ಎಂದರೆ ಹೊಲವಲ್ಲ

ಊರಿನ ಜಮೀನಿನ ಮಾತು ಬಂದಾಗ ನಾವೆಲ್ಲ ಕೇಳುವುದು 'ಎಷ್ಟು ಎಕರೆ?' ಎಂದೇ. ಪುಣೆಯಲ್ಲಿ ಕೂತು ಕೇಳಿದರೂ ಅಷ್ಟೇ, ಚೆನ್ನೈಯಲ್ಲಿ ಕೂತು ಕೇಳಿದರೂ ಅಷ್ಟೇ. ಈ ಎಕರೆ ಇಂಗ್ಲಿಷಿನಿಂದ ಬಂದದ್ದು ಎಂಬುದು ನಮಗೆ ಮರೆತೇ ಹೋಗಿದೆ. ಪಹಣಿಯಲ್ಲಿ, ಕೋರ್ಟಿನ ಕಾಗದದಲ್ಲಿ, ಅಜ್ಜಿಯ ಬಾಯಲ್ಲಿ ಅದು ಕನ್ನಡದ ಮಾತೇ ಆಗಿಬಿಟ್ಟಿದೆ. ಆದರೆ ಇಂಗ್ಲಿಷಿನ ಬೇಸಾಯದ ಪದಗಳ ಬೆನ್ನು ಹತ್ತಿ ಹೋದರೆ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ. ನೆಲ ಉಳುವವರು ಕೊಟ್ಟ ಪದಗಳು ಬೇರೆ, ಉತ್ತ ನೆಲದಿಂದ ವಸೂಲಿ ಮಾಡುವವರು ಕೊಟ್ಟ ಪದಗಳು ಬೇರೆ. ಇಂದು ಎರಡೂ ಒಂದೇ ಚೀಲದಲ್ಲಿ ಬೆರೆತಿವೆ.

ಎಕರೆಯಿಂದಲೇ ಶುರುಮಾಡೋಣ. ಹಳೆಯ ಇಂಗ್ಲಿಷಿನಲ್ಲಿ ಅದಕ್ಕೆ ಅಳತೆಯ ಅರ್ಥವಿರಲಿಲ್ಲ. ಬಯಲು, ಹೊಲ ಎಂದಷ್ಟೇ ಅರ್ಥ. ಲ್ಯಾಟಿನ್ನಿನ 'ಆಗೆರ್', ಗ್ರೀಕಿನ 'ಆಗ್ರೋಸ್', ಸಂಸ್ಕೃತದ 'ಅಜ್ರ' ಇದರ ದಾಯಾದಿಗಳು. ನಾಲ್ಕರ ಬೇರಿನಲ್ಲಿಯೂ ಇರುವುದು 'ಅಟ್ಟು, ಹೊಡೆದುಕೊಂಡು ಹೋಗು' ಎಂಬ ಅರ್ಥದ ಧಾತು. ಅಂದರೆ ಮೊದಲು ದನ ಅಟ್ಟುವ ಬಯಲು, ಆಮೇಲೆ ಉಳುವ ಹೊಲ, ಕೊನೆಗೆ ಒಂದು ಜೋಡಿ ಎತ್ತು ಒಂದು ದಿನದಲ್ಲಿ ಉಳಬಲ್ಲಷ್ಟು ನೆಲ. ಆಮೇಲೆ ಅದು ಕಾನೂನಿನಲ್ಲಿ ನಿಂತ ಅಳತೆಯಾಯಿತು: 220 ಗಜ ಉದ್ದ, 22 ಗಜ ಅಗಲ.

ಆ 220 ಗಜಕ್ಕೂ ಹೆಸರಿದೆ, ಫರ್ಲಾಂಗ್. ಹಾಗೆಂದರೆ ನೇಗಿಲ ಸಾಲಿನ ಉದ್ದ. ಊರ ಕಡೆ ಹಿರಿಯರು 'ಎರಡು ಫರ್ಲಾಂಗು ನಡೆದರೆ ಬಸ್‌ಸ್ಟ್ಯಾಂಡು' ಎನ್ನುವಾಗ ಇಂಗ್ಲೆಂಡಿನ ಯಾವುದೋ ಹೊಲದ ಎರಡು ಸಾಲನ್ನು ಅಳೆಯುತ್ತಿರುತ್ತಾರೆ. ಅಗಲದ 22 ಗಜಕ್ಕೆ 1620ರ ಸುಮಾರಿಗೆ ಎಡ್ಮಂಡ್ ಗುಂಟರ್ ಎಂಬ ಗಣಿತಜ್ಞ ನೂರು ಕೊಂಡಿಗಳ ಸರಪಳಿಯೊಂದನ್ನು ಮಾಡಿದ. ಸರ್ವೆಯವರ 'ಚೈನು' ಅದೇ. ಕ್ರಿಕೆಟ್ಟಿನ ಪಿಚ್ಚಿನ ಉದ್ದವೂ ಅದೇ 22 ಗಜ.

ಈ ಸರಪಳಿಗೂ ನಮಗೂ ನಿಜವಾದ ನಂಟಿದೆ. ಧಾರವಾಡ, ಬೆಳಗಾವಿ, ವಿಜಾಪುರಗಳು ಮುಂಬಯಿ ಪ್ರಾಂತದಲ್ಲಿದ್ದ ಕಾಲದಲ್ಲಿ, 1830ರ ದಶಕದಿಂದ, ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ ಎಂಬ ಅಧಿಕಾರಿಗಳು ರೂಪಿಸಿದ ಕಂದಾಯ ಸರ್ವೆ ನಡೆಯಿತು. ಎಕರೆಗೆ 40 ಗುಂಟೆ ಎಂಬ ಲೆಕ್ಕ ಆ ಸರ್ವೆಯೊಂದಿಗೆ ನೆಲೆಯೂರಿತು. ಕಂದಾಯದ ಸರಪಳಿ 33 ಅಡಿ, ಅಂದರೆ ಗುಂಟರನ ಸರಪಳಿಯ ಸರಿಯಾಗಿ ಅರ್ಧ. ಅದರ ಚೌಕವೇ ಒಂದು ಗುಂಟೆ, 1,089 ಚದರ ಅಡಿ. ಗುಂಟೆ ಇಲ್ಲಿನ ಪದ, ಗುಂಟರ್ ಅಲ್ಲಿನ ಹೆಸರು. ಉಚ್ಚಾರ ಹತ್ತಿರವಾದದ್ದು ಬರೀ ಆಕಸ್ಮಿಕ. ಆದರೆ ಅಳತೆಯಲ್ಲಿ ಇಬ್ಬರೂ ಬೀಗರಾದರು.

ಇಲ್ಲಿಯವರೆಗಿನ ಪದಗಳೆಲ್ಲ ಮಣ್ಣು ಮೆತ್ತಿಕೊಂಡವು. ಹಳೆಯ ಇಂಗ್ಲಿಷಿನ ರೈತ ಉಳುವುದಕ್ಕೆ 'ಇಯರ್' ಎನ್ನುತ್ತಿದ್ದ. ಕಿವಿಗೂ ಇದಕ್ಕೂ ಸಂಬಂಧವಿಲ್ಲ. ಲ್ಯಾಟಿನ್ ಮೂಲದ 'ಅರೇಬಲ್', ಅಂದರೆ ಉಳಬಲ್ಲ ನೆಲ, ಇದರ ನೆಂಟ. 1611ರ ಇಂಗ್ಲಿಷ್ ಬೈಬಲ್ಲಿನಲ್ಲಿಯೂ ಈ ಕ್ರಿಯಾಪದ ಉಳಿದುಕೊಂಡಿದೆ. 'ಹಾರ್ವೆಸ್ಟ್' ಎಂದರೆ ಮೊದಲು ಕೊಯ್ಲಲ್ಲ, ಒಂದು ಋತು. ಜರ್ಮನರು ಇಂದಿಗೂ ಶರತ್ಕಾಲವನ್ನು 'ಹೆರ್ಬ್ಸ್ಟ್' ಎಂದೇ ಕರೆಯುತ್ತಾರೆ. ಇಂಗ್ಲಿಷಿಗೆ ಫ್ರೆಂಚಿನಿಂದ 'ಆಟಮ್' ಬಂದು ಋತುವಿನ ಜಾಗ ಹಿಡಿದ ಮೇಲೆ ಹಾರ್ವೆಸ್ಟಿಗೆ ಕೊಯ್ಲಿನ ಕೆಲಸವಷ್ಟೇ ಉಳಿಯಿತು. ನಮ್ಮ ಸುಗ್ಗಿ ಪುಣ್ಯವಂತ ಪದ. ಕಾಲ, ಕೊಯ್ಲು, ಸಂಭ್ರಮ ಮೂರನ್ನೂ ಇನ್ನೂ ಹೊತ್ತುಕೊಂಡಿದೆ.

1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದರು. ಇಪ್ಪತ್ತೇ ವರ್ಷಕ್ಕೆ, 1086ರಲ್ಲಿ, ಯಾವ ಊರಲ್ಲಿ ಎಷ್ಟು ನೇಗಿಲು, ಎಷ್ಟು ಆದಾಯ ಎಂದು ಲೆಕ್ಕ ಹಾಕಿದ ಡೂಮ್ಸ್‌ಡೇ ಪುಸ್ತಕ ಸಿದ್ಧವಾಯಿತು. ಲೆಕ್ಕ ಬರೆದದ್ದು ಲ್ಯಾಟಿನ್ನಿನಲ್ಲಿ, ದೊರೆಗಳು ಆಡುತ್ತಿದ್ದದ್ದು ಫ್ರೆಂಚು. 'ಫಾರ್ಮ್' ಇಂಗ್ಲಿಷಿಗೆ ಬಂದದ್ದು ಈ ದಾರಿಯಲ್ಲಿ. ಲ್ಯಾಟಿನ್ನಿನ 'ಫಿರ್ಮಾರೆ' ಎಂದರೆ ಗಟ್ಟಿಮಾಡು, ನಿಗದಿಪಡಿಸು. 'ಫರ್ಮ್' ಎಂಬ ಗುಣವಾಚಕವೂ ಅದೇ ಬಳ್ಳಿಯದು. ಹಾಗಾಗಿ ಫಾರ್ಮ್ ಎಂದರೆ ಮೊದಲಿಗೆ ಹೊಲವಲ್ಲ, ನಿಗದಿಯಾದ ಗುತ್ತಿಗೆ ಹಣ. ಡೂಮ್ಸ್‌ಡೇ ಪುಸ್ತಕದಲ್ಲಿ 'ಒಂದು ರಾತ್ರಿಯ ಫಾರ್ಮ್' ಎಂಬ ಬಾಬ್ತೇ ಇದೆ. ರಾಜ ಮತ್ತು ಅವನ ಪರಿವಾರಕ್ಕೆ ಒಂದು ರಾತ್ರಿ ಸಾಲುವಷ್ಟು ಸಾಮಗ್ರಿ ಒದಗಿಸುವ ಬಾಧ್ಯತೆ ಅದು.

ಇದೇ ಲೆಕ್ಕದಲ್ಲಿ 'ಫಾರ್ಮರ್' ಎಂದರೆ ಗುತ್ತಿಗೆದಾರ. ಸರ್ಕಾರಕ್ಕೆ ಇಂತಿಷ್ಟು ಎಂದು ಮೊತ್ತ ಕಟ್ಟಿ, ಜನರಿಂದ ತೆರಿಗೆ ಎತ್ತಿಕೊಳ್ಳುವ ಹಕ್ಕು ಪಡೆದವನು. ರಸಾಯನಶಾಸ್ತ್ರದ ಪುಸ್ತಕದಲ್ಲಿ ನಾವು ಓದಿದ ಲವಾಸಿಯೇ ಫ್ರಾನ್ಸಿನ ಇಂಥ ತೆರಿಗೆ ಗುತ್ತಿಗೆದಾರರ ಕೂಟದ ಸದಸ್ಯನಾಗಿದ್ದ. 1794ರಲ್ಲಿ ಕ್ರಾಂತಿಯ ಸರ್ಕಾರ ಅವನ ತಲೆ ಕತ್ತರಿಸಿದ್ದು ಆ ಕಾರಣಕ್ಕೇ. ಇಂಗ್ಲೆಂಡಿನಲ್ಲಿ ಮಾತ್ರ ಗುತ್ತಿಗೆ ಕೊಟ್ಟು ಜಮೀನು ಹಿಡಿದವನಿಗೆ ಈ ಹೆಸರು ಅಂಟಿ, ಮೆಲ್ಲಮೆಲ್ಲನೆ ಜಮೀನಿಗೂ ಸಾಗುವಳಿಗೂ ಹರಡಿತು.

ಈ ಹಿಂದಿನ ಅರ್ಥ ತಿಳಿಯದೆ ಕಂಪನಿ ಕಾಲದ ಕಾಗದಪತ್ರ ಓದಿದರೆ ದಾರಿ ತಪ್ಪುತ್ತದೆ. 1772ರಲ್ಲಿ ವಾರನ್ ಹೇಸ್ಟಿಂಗ್ಸ್ ಬಂಗಾಳದ ಕಂದಾಯವನ್ನು ಐದು ವರ್ಷದ ಮಟ್ಟಿಗೆ ಹರಾಜು ಹಾಕಿದ. ಹೆಚ್ಚು ಕೂಗಿದವನಿಗೆ ವಸೂಲಿಯ ಹಕ್ಕು. ಆ ಕಾಗದಗಳಲ್ಲಿ ಬರುವ 'ಫಾರ್ಮರ್' ನೇಗಿಲು ಹಿಡಿದವನಲ್ಲ, ಹರಾಜು ಹಿಡಿದವನು. ಕನ್ನಡದಲ್ಲಿ ಅವನು ಇಜಾರದಾರ. ಇದಕ್ಕೆ ಎದುರಾಗಿ ಸರ್ಕಾರ ನೇರವಾಗಿ ಸಾಗುವಳಿದಾರನೊಂದಿಗೇ ವ್ಯವಹರಿಸಬೇಕೆಂಬ ರೈತವಾರಿ ಪದ್ಧತಿ ಬಂತು. ಅದರ ದೊಡ್ಡ ಪ್ರತಿಪಾದಕ ಥಾಮಸ್ ಮನ್ರೋ, ಟಿಪ್ಪುವಿನ ಪತನದ ನಂತರ 1799–1800ರಲ್ಲಿ ನಮ್ಮ ಕೆನರಾದ ಕಲೆಕ್ಟರನಾಗಿದ್ದವನು.

ಹಾಗಾದರೆ ಉಳುವವನ ಸ್ವಂತ ಹೆಸರುಗಳು ಏನಾದವು? ಬಹಳಷ್ಟು ಬೈಗುಳಗಳಾದವು. ಹಳೆಯ ಇಂಗ್ಲಿಷಿನಲ್ಲಿ 'ಚರ್ಲ್' ಎಂದರೆ ಸಾಮಾನ್ಯ ಸ್ವತಂತ್ರ ಮನುಷ್ಯ. ಈಗ ಒರಟ. 'ಬೂರ್' ಒಬ್ಬ ಬೇಸಾಯಗಾರ. ಈಗ ಅಸಭ್ಯ. ನಮ್ಮ ಸಿನಿಮಾಗಳ 'ವಿಲನ್' ಮೂಲದಲ್ಲಿ ಧಣಿಯ ಜಮೀನಿಗೆ ಕಟ್ಟುಬಿದ್ದ ಆಳು. ಇಂಗ್ಲಿಷಿನವರನ್ನೇ ದೂರಬೇಕಿಲ್ಲ. ಗ್ರಾಮದಿಂದ ಹುಟ್ಟಿದ ಗಮಾರ, ಗ್ರಾಮ್ಯ ಎಂಬ ಮಾತುಗಳನ್ನು ನಾವು ಯಾವ ಧ್ವನಿಯಲ್ಲಿ ಆಡುತ್ತೇವೆ ಎಂದು ಕೇಳಿಕೊಂಡರೆ ಸಾಕು.

ಮರ್ಯಾದೆ ಉಳಿಸಿಕೊಂಡ ಪದ 'ಹಸ್ಬೆಂಡ್'. ಉತ್ತರದ ನಾರ್ಸ್ ಭಾಷೆಯಲ್ಲಿ ಅದು ಮನೆಯೊಡೆಯ, ಮನೆ ಮಾಡಿ ನೆಲೆಸಿದವನು. ಅವನು ಮಾಡುವ ಬೇಸಾಯ 'ಹಸ್ಬೆಂಡ್ರಿ'. ಗಂಡ ಎಂಬ ಅರ್ಥ ಆಮೇಲಿನದು. ಕನ್ನಡದ ಒಕ್ಕಲು ಇದಕ್ಕೆ ಎಷ್ಟು ಹತ್ತಿರ ನೋಡಿ. ಹೊಸ ಮನೆ ಸೇರುವುದು ಮನೆ ಒಕ್ಕಲು, ಬೇಸಾಯ ಒಕ್ಕಲುತನ. ನೆಲೆಸುವುದೂ ಉಳುವುದೂ ಒಂದೇ ಪದದೊಳಗೆ ಕೂತಿವೆ. ಅದಕ್ಕೇ 'ಒಕ್ಕಲೆಬ್ಬಿಸು' ಎಂಬ ಮಾತಿಗೆ ಅಷ್ಟು ನೋವಿದೆ. ಇಂಗ್ಲೆಂಡಿನಲ್ಲಿ 1604ರಿಂದ 1914ರವರೆಗೆ ಪಾರ್ಲಿಮೆಂಟು 5,200ಕ್ಕೂ ಹೆಚ್ಚು ಕಾಯ್ದೆಗಳ ಮೂಲಕ ಸುಮಾರು 68 ಲಕ್ಷ ಎಕರೆ ತೆರೆದ ಬಯಲಿಗೂ ಗೋಮಾಳದಂಥ ನೆಲಕ್ಕೂ ಬೇಲಿ ಹಾಕಿಸಿತು. ದನ ಅಟ್ಟುವ ಬಯಲಾಗಿದ್ದ ಎಕರೆಯಿಂದ ದನವನ್ನೇ ಆಚೆ ಅಟ್ಟಿದಂತಾಯಿತು.

ಇನ್ನು ಪಂಡಿತರ ಪದಗಳು. ಲ್ಯಾಟಿನ್ನಿನ 'ಕೊಲೆರೆ' ಧಾತುವಿಗೆ ಉಳು, ನೆಲೆಸು, ಪೂಜಿಸು ಎಂಬ ಮೂರು ಅರ್ಥಗಳು. ಅದರಿಂದ ಕಲ್ಚರ್, ಅಗ್ರಿಕಲ್ಚರ್, ಕಲ್ಟ್ ಹುಟ್ಟಿದವು. 'ಕೊಲೋನಸ್' ಎಂದರೆ ರೈತ, ಹೊಸ ನೆಲದಲ್ಲಿ ಬೇರೂರಿದವನು. ಅವನ ನೆಲೆ ಕಾಲೊನಿ. ದಿಲ್ಲಿ, ಹೈದರಾಬಾದುಗಳ ಯಾವ ಯಾವುದೋ ಕಾಲೊನಿಗಳಲ್ಲಿ ಬಾಡಿಗೆಗಿರುವ ನಮಗೆ ಈ ಅರ್ಥ ಸ್ವಲ್ಪ ಚುಚ್ಚಬಹುದು, ಸ್ವಲ್ಪ ಸಮಾಧಾನವನ್ನೂ ಕೊಡಬಹುದು. ಕ್ರಿ.ಪೂ. 45ರ ಹೊತ್ತಿಗೆ ಸಿಸಿರೋ ತತ್ತ್ವಶಾಸ್ತ್ರವನ್ನು ಮನಸ್ಸಿನ ಬೇಸಾಯವೆಂದು ಕರೆದಿದ್ದ. ನಾವೂ ಸಾಹಿತ್ಯ ಕೃಷಿ ಎನ್ನುತ್ತೇವೆ. ಹೊಲದಲ್ಲಿ ಎಳೆದದ್ದೂ ಸಾಲು, ಹಾಳೆಯ ಮೇಲೆ ಬರೆದದ್ದೂ ಸಾಲು. ಲ್ಯಾಟಿನ್ನಿನ 'ವೆರ್ಸುಸ್' ಕೂಡ ನೇಗಿಲು ತಿರುಗಿಸುವ ಮಾತಿನಿಂದಲೇ ಕವಿತೆಯ ಸಾಲಾಯಿತು. 'ಮೆನ್ಯೂರ್' ಎಂದರೂ ಮೊದಲು ಗೊಬ್ಬರವಲ್ಲ, ಕೈಯಾರೆ ನೆಲ ಗೇಯುವುದು.

ರೈತ ಎಂಬ ನಮ್ಮ ಪದವೂ ದೂರದಿಂದ ಬಂದದ್ದೇ. ಅರಬ್ಬಿಯ 'ರಯ್ಯತ್' ಎಂದರೆ ಮೇಯುವ ಮಂದೆ, ಆಮೇಲೆ ಆಳಿಸಿಕೊಳ್ಳುವ ಪ್ರಜೆ. ಆ ಪದವನ್ನು ತಲೆಯೆತ್ತಿ ಹೇಳಿಕೊಳ್ಳುವ ಹೆಸರಾಗಿ ಮಾಡಿದ್ದು ಇಲ್ಲಿನ ರೈತರ ಸಾಧನೆ. 1974ರಲ್ಲಿ ದೇವರಾಜ ಅರಸರ ಸರ್ಕಾರ ಭೂಸುಧಾರಣೆ ಕಾಯ್ದೆಗೆ ತಂದ ತಿದ್ದುಪಡಿ ಗೇಣಿದಾರರಿಗೆ ನೆಲದ ಹಕ್ಕು ಕೊಟ್ಟಿತು. ಪದಗಳ ಭಾಷೆಯಲ್ಲಿ ಹೇಳುವುದಾದರೆ, ಫಾರ್ಮಿನ ಹಳೆಯ ಅರ್ಥವನ್ನು, ಅಂದರೆ ಗುತ್ತಿಗೆಯನ್ನು, ನೆಲದಿಂದ ಬಿಡಿಸುವ ಪ್ರಯತ್ನವದು. 2020ರ ತಿದ್ದುಪಡಿ ರೈತರಲ್ಲದವರೂ ಕೃಷಿಭೂಮಿ ಕೊಳ್ಳಲು ದಾರಿ ತೆರೆಯಿತು. ಈಗ ಬೆಂಗಳೂರಿನ ಸುತ್ತಮುತ್ತ 'ಮ್ಯಾನೇಜ್ಡ್ ಫಾರ್ಮ್‌ಲ್ಯಾಂಡ್' ಎಂಬ ಜಾಹೀರಾತುಗಳು. ದುಡ್ಡು ನಮ್ಮದು, ಗೇಯುವವರು ಬೇರೆ, ವರಮಾನ ನಮಗೆ. ಸಾವಿರ ವರ್ಷ ಸುತ್ತಿ ಫಾರ್ಮ್ ತನ್ನ ಹಳೆಯ ಮನೆಗೇ ಮರಳಿದೆ.

ನಮ್ಮಲ್ಲಿ ಹಲವರ ಹೆಸರು ಇನ್ನೂ ಊರಿನ ಪಹಣಿಯಲ್ಲಿದೆ. ಅದರಲ್ಲಿ ಮಾಲೀಕನ ಕಲಮು ಬೇರೆ, ಸಾಗುವಳಿದಾರನ ಕಲಮು ಬೇರೆ. ಮುಂದಿನ ಸಲ 'ನಮ್ಮದೂ ಒಂದು ಫಾರ್ಮ್ ಇದೆ' ಎಂದು ಗೆಳೆಯರಿಗೆ ಹೇಳುವಾಗ ಆ ಎರಡು ಕಲಮುಗಳಲ್ಲಿ ಯಾರ ಯಾರ ಹೆಸರಿದೆ ಎಂದು ಒಮ್ಮೆ ನೋಡಿಕೊಳ್ಳೋಣ.