ಮನ್ನದ ‘ನಲವತ್ತು ವರ್ಷ’: ದಿನಗಣನೆಯ ಒಂದು ತೊಡಕು

1. ವಿಷಯ

ಇಸ್ರಾಯೇಲ್ಯರು ಅರಣ್ಯದಲ್ಲಿ 40 ವರ್ಷ ಮನ್ನವನ್ನು, ಅಂದರೆ ದೇವರು ದಿನದಿನವೂ ಒದಗಿಸಿದ ಆಹಾರವನ್ನು, ಉಂಡರೆಂದು ವಿಮೋಚನಕಾಂಡ 16:35 ಹೇಳುತ್ತದೆ. ಧರ್ಮೋಪದೇಶಕಾಂಡ 8:2-3 ಅದೇ 40 ವರ್ಷಗಳನ್ನು ಹಸಿವು, ಪೋಷಣೆ, ಪರೀಕ್ಷೆ ಮೂರಕ್ಕೂ ಜೋಡಿಸುತ್ತದೆ. ಆದ್ದರಿಂದ ದೇವರ ಪೋಷಣೆಯ ಅವಧಿಯೂ ಜನರ ನಿಷ್ಠೆಯನ್ನು ಪರೀಕ್ಷಿಸಿದ ಅವಧಿಯೂ ಒಂದೇ ಎಂಬುದು ಕನಿಷ್ಠ ಈ ಗ್ರಂಥದ ತಿಳಿವಳಿಕೆ ಎನ್ನಬಹುದು. ಆ ಅವಧಿಯ ತಿಥಿಗಳನ್ನು ಮಾತ್ರ ಇಲ್ಲಿ ಪರಿಶೀಲಿಸಲಾಗಿದೆ.

2. ಲೆಕ್ಕ

ಐಗುಪ್ತದಿಂದ ಹೊರಟದ್ದು ಮೊದಲನೆಯ ತಿಂಗಳ 15ರಂದು (ಅರಣ್ಯಕಾಂಡ 33:3). ಸೀನ್ ಅರಣ್ಯಕ್ಕೆ ಬಂದದ್ದು ಎರಡನೆಯ ತಿಂಗಳ 15ರಂದು (ವಿಮೋಚನಕಾಂಡ 16:1). ಮನ್ನ ಮೊದಲು ಕಂಡ ದಿನದ ತಿಥಿಯನ್ನು ಪಠ್ಯ ಕೊಡುವುದಿಲ್ಲ. ಅದು ಈ 15ಕ್ಕೆ ಮುಂಚಿನದಂತೂ ಆಗಲಾರದು. ಮನ್ನ ನಿಂತದ್ದು ಗಿಲ್ಗಾಲಿನಲ್ಲಿ, ಮೊದಲನೆಯ ತಿಂಗಳ 14ರ ಪಸ್ಕಹಬ್ಬದ ಬೆನ್ನಿಗೇ (ಯೆಹೋಶುವ 5:10-12). ಅಲ್ಲಿ ವರ್ಷದ ಉಲ್ಲೇಖವಿಲ್ಲ. ಆದರೆ ಧರ್ಮೋಪದೇಶಕಾಂಡ 1:3ರಲ್ಲಿ 40ನೆಯ ವರ್ಷದ 11ನೆಯ ತಿಂಗಳು ಬರುವುದರಿಂದ ಇದು 41ನೆಯ ವರ್ಷದ ಆರಂಭವೆಂದು ಊಹಿಸುವುದು ಸಾಧು. ಹಾಗಿದ್ದಲ್ಲಿ 40 ವರ್ಷಕ್ಕೆ ಸುಮಾರು 30 ದಿನ ಕಡಿಮೆ ಬೀಳುತ್ತದೆ.

3. ಪಾಠಭೇದ

ಯೆಹೋಶುವ 5:11-12ರ ಹೀಬ್ರೂ ಮಸೋರಾ ಪಾಠದಲ್ಲಿ ‘ಮರುದಿನ’ ಎಂಬರ್ಥದ ಪದ ಎರಡು ಬಾರಿ ಬರುತ್ತದೆ: ನಾಡಿನ ಬೆಳೆಯನ್ನು ಉಂಡದ್ದು ಪಸ್ಕದ ಮರುದಿನ, ಮನ್ನ ನಿಂತದ್ದು ಅದರ ಮರುದಿನ. ಗ್ರೀಕ್ ಸೆಪ್ಟುಅಜಿಂಟ್‌ನಲ್ಲಿ ಎರಡೂ ಇಲ್ಲ. ಬೆಳೆಯನ್ನು ಉಂಡ ದಿನವೇ ಮನ್ನ ನಿಂತಿತು ಎಂಬಂತೆ ಅದರ ವಾಕ್ಯವಿದೆ. ಇದರಿಂದ ಬರುವ ವ್ಯತ್ಯಾಸ ಒಂದೆರಡು ದಿನದ್ದು. 30 ದಿನಗಳ ಕೊರತೆಯನ್ನು ಅದು ತುಂಬದು. ಗಮನಿಸಬೇಕಾದದ್ದು ಎರಡೂ ಪಾಠಗಳ ಸಮಾನಾಂಶ. ಮನ್ನ ನಿಂತದ್ದನ್ನು ಅವು ಯೊರ್ದನ್ ದಾಟಿದ್ದಕ್ಕಲ್ಲ, ನಾಡಿನ ಬೆಳೆಯನ್ನು ಉಂಡದ್ದಕ್ಕೆ ಜೋಡಿಸುತ್ತವೆ. ನದಿ ದಾಟಿದ್ದು ಆ ತಿಂಗಳ 10ರಂದೇ (4:19).

4. ಹಳೆಯ ಸಮಾಧಾನಗಳು

ಈ ಕೊರತೆ ಹೊಸದಾಗಿ ಕಂಡದ್ದಲ್ಲ. ಬಾಬಿಲೋನಿನ ತಾಲ್ಮೂದಿನ ಕಿದ್ದುಶಿನ್ ಭಾಗದ 38ನೆಯ ಹಾಳೆಯ ಮೊದಲ ಮಗ್ಗುಲಲ್ಲಿ ಇದೇ 30 ದಿನಗಳ ಪ್ರಶ್ನೆ ಇದೆ. ಐಗುಪ್ತದಿಂದ ತಂದಿದ್ದ ರೊಟ್ಟಿಯಲ್ಲೇ ಮನ್ನದ ರುಚಿ ಇತ್ತು ಎಂಬುದು ಅಲ್ಲಿನ ಉತ್ತರ. ವಿಮೋಚನಕಾಂಡ 16:35 ಕೊನೆಯ ಗಡಿಯನ್ನು ಎರಡು ರೀತಿ ಹೇಳುವುದನ್ನೂ (ಜನವಸತಿಯ ನಾಡು, ಕಾನಾನಿನ ಮೇರೆ) ತಾಲ್ಮೂದಿನ ಪಂಡಿತರು ಅಲ್ಲೇ ಚರ್ಚಿಸಿದ್ದಾರೆ. ಅವರ ಪ್ರಕಾರ ಮೋಶೆ ತೀರಿಕೊಂಡ ಅದಾರ್ (12ನೆಯ ತಿಂಗಳು) 7ರಂದು ಮನ್ನ ಬೀಳುವುದು ನಿಂತಿತು; ಪಾತ್ರೆಗಳಲ್ಲಿ ಉಳಿದಿದ್ದುದನ್ನು ನಿಸಾನ್ (ಮೊದಲನೆಯ ತಿಂಗಳು) 16ರವರೆಗೆ ಉಂಡರು.

5. ಉಳಿಯುವ ತೊಡಕು

ಎರಡನೆಯ ಸಮಾಧಾನ ತಿಥಿಗಳನ್ನು ಹೊಂದಿಸುತ್ತದೆ, ಆದರೆ ಅದಕ್ಕೆ ಒಂದು ತಿಂಗಳಿಗೂ ಮೀರಿದ ಸಂಗ್ರಹ ಬೇಕಾಗುತ್ತದೆ. ವಿಮೋಚನಕಾಂಡ 16:4ರಲ್ಲಿ ಪರೀಕ್ಷೆಯ ತಿರುಳೇ ಆಯಾ ದಿನದ ಪಾಲನ್ನು ಆಯಾ ದಿನ ಕೂಡಿಸುವುದು. ತಲೆಗೊಂದು ಓಮೆರ್ ಅಳತೆ. ಬೆಳಗಿನವರೆಗೆ ಇಟ್ಟುಕೊಂಡದ್ದು ಹುಳಬಿದ್ದು ನಾರಿತು (16:20). ನಾಳಿನದು ನಾಳೆ ಬಂದೀತೆಂಬ ಭರವಸೆಯನ್ನು ದಿನವೂ ಉಳಿಸಿಕೊಳ್ಳಬೇಕಾದ ಏರ್ಪಾಡು ಇದು. ಕೊನೆಯ ವಾರಗಳಲ್ಲಿ ಜನ ದಾಸ್ತಾನಿನಿಂದ ಉಂಡರೆಂದರೆ ಆ ಏರ್ಪಾಡು ಅಷ್ಟರಮಟ್ಟಿಗೆ ಸಡಿಲಿತೆನ್ನಬೇಕಾಗುತ್ತದೆ. ಪಠ್ಯದಲ್ಲಿ ಅಂಥ ಸೂಚನೆ ಕಾಣುವುದಿಲ್ಲ. ಬಹುಶಃ 40 ಎಂಬುದು ಇಲ್ಲಿ ಸ್ಥೂಲಸಂಖ್ಯೆ. ಆ ಓದಿಗೆ ಹೆಚ್ಚಿನ ಆಧಾರಕಲ್ಪನೆ ಬೇಕಿಲ್ಲವಾದ್ದರಿಂದ ಸದ್ಯಕ್ಕೆ ಅದೇ ಮೇಲೆನಿಸುತ್ತದೆ.

ದಾಸ್ತಾನಿನ ಪ್ರಶ್ನೆಗೆ ಸಂಬಂಧಿಸಿ ಹೇಳುವುದಾದರೆ, ಮನ್ನ ಕೆಡದೆ ಉಳಿದ ಪ್ರಸಂಗಗಳು ವಿಮೋಚನಕಾಂಡ 16ರಲ್ಲಿ ಎರಡೇ: ಆರನೆಯ ದಿನ ಎರಡು ಓಮೆರ್ ಕೂಡಿಸಿ ಸಬ್ಬತ್‌ಗೆ ಇಟ್ಟದ್ದು (16:22-24), ಮತ್ತು ಮುಂದಿನ ತಲೆಮಾರುಗಳಿಗೆಂದು ಒಂದು ಓಮೆರ್ ಪಾತ್ರೆಯಲ್ಲಿ ತುಂಬಿಸಿಟ್ಟದ್ದು (16:32-34).